ಉಕ್ಕು ಕತ್ತರಿಸುವ ಮುನ್ನ

ಕಟ್ಟಡದ ಒಂದೊಂದು ಭಾಗವನ್ನೂ ಅದರ ಅಳತೆ-ವಿವರಗಳ ಸಮೇತ ಕಂಪ್ಯೂಟರಿನಲ್ಲಿ ಒಂದೇ ಮಾಡೆಲ್ ಆಗಿ ಕಟ್ಟುವ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಎಲ್ಲರ ಬಾಯಲ್ಲಿರುವ ‘ಬಿಮ್’, ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಫ್ಲ್ಯಾಟ್ ಮಾರುವವರು ಪರದೆಯ ಮೇಲೆ ತಿರುಗಿಸಿ ತೋರಿಸುವ ಬಣ್ಣಬಣ್ಣದ ಕಟ್ಟಡ. ಈ ತಪ್ಪು ಕಲ್ಪನೆ ಮನೆ ಕಟ್ಟಿಸುವವರಲ್ಲಷ್ಟೇ ಅಲ್ಲ, ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗರಲ್ಲೂ ಬೇರೂರಿದೆ. ಬಿಮ್‌ನಿಂದ ಸಿಗುವ ಫಲಗಳಲ್ಲಿ ಚಿತ್ರಕ್ಕೆ ಕೊನೆಯ ಸ್ಥಾನ. ಅದರ ನಿಜವಾದ ಬೆಲೆ ತಿಳಿಯಬೇಕಾದರೆ ಮೈಸೂರಿನ ಹೆಬ್ಬಾಳದಲ್ಲೋ ಮಂಡ್ಯದ ತೂಬಿನಕೆರೆಯಲ್ಲೋ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನೊಳಗೆ ಹೋಗಿ, ಫಿಟ್ಟರ್ ಕೈಯಲ್ಲಿ ಮಡಚಿ ಮಡಚಿ ಮಸಿಯಾಗಿರುವ ಹಾಳೆಯನ್ನು ನೋಡಬೇಕು.

ಆ ಹಾಳೆಗೆ ಶಾಪ್ ಡ್ರಾಯಿಂಗ್ ಎನ್ನುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಕೊಡುವ ನಕ್ಷೆ, ಎರಡು ಕಂಬಗಳ ನಡುವೆ ಇಂಥ ತೊಲೆ ಇರಲಿ ಎಂದಷ್ಟೇ ಹೇಳುತ್ತದೆ. ಅದನ್ನು ಹಿಡಿದು ಗರಗಸ ಹಾಕಲು ಬರುವುದಿಲ್ಲ. ಕಂಬಗಳ ಮಧ್ಯರೇಖೆಗಳ ಅಂತರ 6,000 ಮಿಲಿಮೀಟರ್ ಇದ್ದು, ಕಂಬಗಳ ಅಗಲ 300 ಮಿಲಿಮೀಟರ್ ಆಗಿದ್ದರೆ, ನಡುವೆ ಉಳಿಯುವ ಜಾಗ 5,700. ತೊಲೆಯ ಎರಡೂ ತುದಿಗೆ 12 ಮಿಲಿಮೀಟರ್ ದಪ್ಪದ ಎಂಡ್ ಪ್ಲೇಟ್ ವೆಲ್ಡ್ ಮಾಡಬೇಕೆಂದರೆ 5,676. ಕ್ರೇನಿನಿಂದ ಇಳಿಸುವಾಗ ಕಂಬಕ್ಕೆ ಉಜ್ಜದೆ ಒಳಗೆ ಕೂರಲೆಂದು ಎರಡೂ ಬದಿಗೆ 2 ಮಿಲಿಮೀಟರ್ ಬಿಟ್ಟರೆ 5,672. ಫಿಟ್ಟರ್‌ಗೆ ಬೇಕಾದದ್ದು ಈ ಕೊನೆಯ ಸಂಖ್ಯೆ. ಇದರ ಜೊತೆಗೆ ಪ್ಲೇಟಿನ ಅಳತೆ, ತೂತುಗಳ ಸ್ಥಾನ, ವೆಲ್ಡಿನ ಗಾತ್ರ, ತುಂಡಿನ ಗುರುತು, ತೂಕ, ಇವೆಲ್ಲವೂ ಒಂದೇ ಹಾಳೆಯಲ್ಲಿ ತಪ್ಪಿಲ್ಲದೆ ಕೂಡಿಬರಬೇಕು. ಉಕ್ಕಿನ ನಿರ್ಮಾಣಕ್ಕಿರುವ ಭಾರತೀಯ ಮಾನಕ ಐಎಸ್ 800ರ ಪ್ರಕಾರ 20 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 22 ಮಿಲಿಮೀಟರ್ ತೂತು ಕೊರೆಯುತ್ತಾರೆ. ಅಂದರೆ ಹತ್ತಾರು ಟನ್ ಉಕ್ಕಿನ ಚೌಕಟ್ಟು ಸೈಟಿನಲ್ಲಿ ತಕರಾರಿಲ್ಲದೆ ಸೇರಬೇಕಾದರೆ ಇರುವ ಸಡಿಲ 2 ಮಿಲಿಮೀಟರ್ ಮಾತ್ರ. ಅದಕ್ಕಿಂತ ಹೆಚ್ಚು ತಪ್ಪಿದರೆ ಕ್ರೇನಿನ ಬಾಡಿಗೆ ಏರುತ್ತಿರುವಾಗಲೇ ಮೇಲೆ ನಿಂತವನು ಗ್ಯಾಸ್ ಕಟರಿನಿಂದ ತೂತನ್ನು ಹಿಗ್ಗಿಸುತ್ತಾನೆ. ಹಾಗೆ ಸುಟ್ಟು ಹಿಗ್ಗಿಸಿದ ತೂತು ಎಂಜಿನಿಯರ್ ಲೆಕ್ಕ ಹಾಕಿದ ತೂತಲ್ಲ.

ದೂರದಲ್ಲಿ ತಯಾರಿಸಿ ಇಲ್ಲಿ ಜೋಡಿಸುವ ಪದ್ಧತಿ ಮೈಸೂರಿಗೆ ಹೊಸದೇನೂ ಅಲ್ಲ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು, 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತಿರುವ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸ್ಯಾರಸೆನ್ ಫೌಂಡ್ರಿಯಲ್ಲಿ ತಯಾರಾದವು. ಎಂಟು ಮೂಲೆಯ ಮಂಟಪ, ಸಮುದ್ರ ದಾಟಿ ಬರುವ ಕಂಬ. ಇಲ್ಲಿಗೆ ಬಂದ ಮೇಲೆ ಉದ್ದ ಸಾಲದು ಎಂದರೆ ಎಳೆದು ಹಿಗ್ಗಿಸಲು ಎರಕದ ಕಬ್ಬಿಣ ಒಪ್ಪುವುದಿಲ್ಲ. ಕಟ್ಟುವ ಜಾಗಕ್ಕೂ ತಯಾರಿಸುವ ಜಾಗಕ್ಕೂ ನಡುವೆ ಕಾಗದವೊಂದೇ ಸೇತುವೆಯಾಗಿದ್ದ ಕಾಲದಲ್ಲಿ ಆ ಕಾಗದ ಎಷ್ಟು ನಿಖರವಾಗಿದ್ದಿರಬೇಕು ಎಂಬುದನ್ನು ಅರಮನೆ ನೋಡಲು ಹೋದವರು ಕ್ಷಣಕಾಲ ಯೋಚಿಸಿದರೆ, ಬಣ್ಣದ ಗಾಜಿನ ಚಾವಣಿಯಷ್ಟೇ ಬೆರಗು ಆ ಕಂಬಗಳಲ್ಲೂ ಕಂಡೀತು.

ಹಾಗಾದರೆ ಬಿಮ್ ತಂದ ಬದಲಾವಣೆ ಯಾವುದು? ಕಾಗದದ ಕಾಲದಲ್ಲಿ ತೊಲೆ ಹತ್ತು ಕಡೆ ಬದುಕುತ್ತಿತ್ತು: ಪ್ಲಾನಿನಲ್ಲಿ ಒಂದು ಗೆರೆ, ಸೆಕ್ಷನ್ನಿನಲ್ಲಿ ಇನ್ನೊಂದು, ಶಾಪ್ ಡ್ರಾಯಿಂಗಿನಲ್ಲಿ ಮತ್ತೊಂದು, ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲು. ಒಂದನ್ನು ತಿದ್ದಿದವರು ಉಳಿದದ್ದನ್ನೂ ನೆನಪಿಟ್ಟು ತಿದ್ದಬೇಕಿತ್ತು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತಲೆಕೆಳಗು ಮಾಡಿದರು. ಕಂಪ್ಯೂಟರಿನಲ್ಲಿ ಇಡಬೇಕಾದದ್ದು ಗೆರೆಗಳನ್ನಲ್ಲ, ಕಟ್ಟಡದ ಭಾಗಗಳನ್ನೇ. ನಕ್ಷೆಗಳು ಅವುಗಳಿಂದ ಹುಟ್ಟಲಿ. ಬದಲಾವಣೆಯನ್ನು ಒಂದೇ ಕಡೆ ಮಾಡಿದರೆ ಸಾಕಾಗಲಿ ಎಂಬುದು ಅವರ ಪ್ರತಿಪಾದನೆ. ನನ್ನ ಮಟ್ಟಿಗೆ ಬಿಮ್‌ನ ಜೀವಾಳವೆಲ್ಲ ಈ ಒಂದು ಮಾತಿನಲ್ಲಿದೆ.

ಇದು ನಡೆಯುವ ಬಗೆ ಸೊಗಸಾದದ್ದು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಟೆಕ್ಲಾದಂಥ ತಂತ್ರಾಂಶದಲ್ಲಿ ತೊಲೆಯನ್ನೂ ಕಂಬವನ್ನೂ ಬರೆದು, ಅವೆರಡರ ನಡುವೆ ಒಂದು ಕನೆಕ್ಷನ್ ಇಡುತ್ತಾರೆ. ಈ ಕನೆಕ್ಷನ್ ಎಂಬುದು ಚಿತ್ರವಲ್ಲ, ನಿಯಮಗಳ ಒಂದು ಕಂತೆ: ಪ್ಲೇಟಿನ ಎತ್ತರ ತೊಲೆಯ ಎತ್ತರಕ್ಕಿಂತ ಇಷ್ಟು ಹೆಚ್ಚಿರಲಿ, ಬೋಲ್ಟಿನ ಸಾಲುಗಳ ನಡುವೆ ಇಷ್ಟು ಅಂತರವಿರಲಿ, ಅಂಚಿನಿಂದ ತೂತು ಇಷ್ಟು ದೂರವಿರಲಿ, ಪ್ಲೇಟಿನಲ್ಲಿ ಎಲ್ಲಿ ತೂತು ಬಿದ್ದಿದೆಯೋ ಕಂಬದಲ್ಲೂ ಅದರ ನೇರಕ್ಕೇ ಬೀಳಲಿ. ಮದುವೆ ಮನೆಯ ಅಡುಗೆ ಭಟ್ಟರು ಊಟಕ್ಕೆ 300 ಎಲೆ ಎಂದು ಬರೆದುಕೊಂಡದ್ದು 500 ಎಲೆಯಾದರೆ ಅಕ್ಕಿ, ಬೇಳೆ, ಕೊಳದಪ್ಪಲೆಯ ಗಾತ್ರ, ಬಡಿಸುವವರ ಸಂಖ್ಯೆ ಎಲ್ಲವನ್ನೂ ಆ ಒಂದು ಸಂಖ್ಯೆಗೆ ಕಟ್ಟಿಹಾಕಿ ಲೆಕ್ಕ ಮಾಡುತ್ತಾರಲ್ಲ, ಹಾಗೆಯೇ ಇಲ್ಲಿ ಎಂಜಿನಿಯರ್ 300 ಮಿಲಿಮೀಟರ್ ಎತ್ತರದ ತೊಲೆಯ ಬದಲು 350 ಇರಲಿ ಎಂದೊಡನೆ ಪ್ಲೇಟು ಬೆಳೆಯುತ್ತದೆ, ತೂತುಗಳು ಜರುಗುತ್ತವೆ, ಕಂಬದ ತೂತುಗಳೂ ಜೊತೆಗೇ ಜರುಗುತ್ತವೆ, ವೆಲ್ಡಿನ ಉದ್ದ ಹೆಚ್ಚುತ್ತದೆ, ತೂಕ ಬದಲಾಗುತ್ತದೆ. ಕಂಬದ ಹಾಳೆಯಲ್ಲಿ ಹೊಸ ಅಳತೆ ಬಂದು ಕೂರುತ್ತದೆ. ಕಾಗದದ ಕಾಲದಲ್ಲಿ ಮರೆತುಹೋಗುತ್ತಿದ್ದದ್ದು ಹೆಚ್ಚಾಗಿ ಈ ಕಂಬದ ಹಾಳೆಯೇ. ಏಕೆಂದರೆ ಬದಲಾವಣೆ ಆದದ್ದು ತೊಲೆಗೆ, ಕಂಬಕ್ಕಲ್ಲ.

ಇದೇ ಮಾಡೆಲಿನಿಂದ ಯಂತ್ರಕ್ಕೂ ಸೂಚನೆ ಹೋಗುತ್ತದೆ. ಜರ್ಮನಿಯ ಉಕ್ಕಿನ ನಿರ್ಮಾಣದವರು ರೂಪಿಸಿದ ಡಿಎಸ್‌ಟಿವಿ ಎಂಬ ಮಾದರಿಯ ಕಡತದಲ್ಲಿ ಒಂದು ತುಂಡಿನ ಉದ್ದ, ತೂತುಗಳ ವ್ಯಾಸ ಮತ್ತು ಸ್ಥಾನಗಳು ಬರೀ ಅಕ್ಷರ-ಅಂಕಿಗಳಾಗಿ ಇರುತ್ತವೆ. ಸಿಎನ್‌ಸಿ ಡ್ರಿಲ್ ಅದನ್ನು ಓದಿ ಕೊರೆಯುತ್ತದೆ, ನಡುವೆ ಟೇಪು ಹಿಡಿದು ಗೀರು ಹಾಕುವವರು ಬೇಕಿಲ್ಲ. ಅಂಥ ಯಂತ್ರವಿಲ್ಲದ ಸಣ್ಣ ಶೆಡ್ಡುಗಳಿಗೂ ಬಿಮ್ ಉಪಯೋಗವಿಲ್ಲವೆಂದಲ್ಲ. ಬೋಲ್ಟು ತೂರಿಸಲು ಜಾಗವಿದೆಯೇ, ಸ್ಪ್ಯಾನರ್ ತಿರುಗುತ್ತದೆಯೇ, ವೆಲ್ಡರ್ ಕೈ ಆ ಮೂಲೆಗೆ ಹೋಗುತ್ತದೆಯೇ ಎಂಬುದು ಮಾಡೆಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಕಾಗದದ ಮೇಲೆ ಬೋಲ್ಟು ಯಾವಾಗಲೂ ತಾನಾಗಿಯೇ ಒಳಗೆ ಕೂತಿರುತ್ತದೆ.

ಕಾಂಕ್ರೀಟಿನ ಕಂಬಿಗೂ ಇದೇ ಮಾತು ಸಲ್ಲುತ್ತದೆ. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತದೆ. 4.2 ಮೀಟರಿನ ತುಂಡುಗಳು ಬೇಕಾದರೆ ಒಂದರಿಂದ ಎರಡು ಸಿಕ್ಕಿ 3.6 ಮೀಟರ್ ಉಳಿಯುತ್ತದೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಬಾರ್ ಬೆಂಡರುಗಳ ಲೆಕ್ಕದಲ್ಲಿ 16 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 1.58 ಕಿಲೋ ತೂಗುತ್ತದೆ, ಆದ್ದರಿಂದ ಒಂದೊಂದು ಕಂಬಿಯಲ್ಲೂ ಸುಮಾರು 5.7 ಕಿಲೋ ಗುಜರಿಯ ಕಡೆ ಮುಖ ಮಾಡುತ್ತದೆ. ಇನ್ನೊಂದು ಮಹಡಿಯಲ್ಲಿ 3.5 ಮೀಟರಿನ ತುಂಡು ಬೇಕಾಗಿದೆ ಎಂದು ಮಾಡೆಲಿನಿಂದ ತೆಗೆದ ಬಾರ್ ಬೆಂಡಿಂಗ್ ಷೆಡ್ಯೂಲ್, ಅಂದರೆ ಕಂಬಿಯ ತುಂಡುಗಳ ಪಟ್ಟಿ, ಮೊದಲೇ ತೋರಿಸಿದರೆ ಉಳಿಕೆ ಹತ್ತು ಸೆಂಟಿಮೀಟರಿಗೆ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮೂಢನಂಬಿಕೆಯನ್ನು ತಡೆಯಬೇಕಾಗಿದೆ: ಕಂಪ್ಯೂಟರ್ ಮಾಡಿದ್ದರಿಂದ ಸರಿಯಾಗಿಯೇ ಇರುತ್ತದೆ ಎಂಬುದು. 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಸಲಾಕೆ ನಾಲ್ಕನೆಯ ಮಹಡಿಯ ದಾರಿಯನ್ನೂ ಅದರ ಕೆಳಗಿನ ಎರಡನೆಯ ಮಹಡಿಯ ದಾರಿಯನ್ನೂ ಹೊರಬೇಕಿತ್ತು. ಸಲಾಕೆಯ ಅಷ್ಟುದ್ದಕ್ಕೂ ನಟ್ಟು ತಿರುಗಲು ಬೇಕಾದ ಥ್ರೆಡ್ ಹಾಕುವುದು ತೊಡಕೆಂದು ಶಾಪ್ ಡ್ರಾಯಿಂಗಿನ ಹಂತದಲ್ಲಿ ಸಲಾಕೆಯನ್ನು ಎರಡು ಮಾಡಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೇ ನೇತುಹಾಕಲಾಯಿತು. ನೋಡಲು ವ್ಯತ್ಯಾಸ ಕೆಲವೇ ಅಂಗುಲದ್ದು. ಆದರೆ ತನ್ನ ದಾರಿಯ ಭಾರವನ್ನಷ್ಟೇ ಹೊರಬೇಕಿದ್ದ ಮೇಲಿನ ನಟ್ಟಿನ ಮೇಲೆ ಈಗ ಎರಡು ದಾರಿಗಳ ಭಾರ ಬಿತ್ತು. ಆ ಹಾಳೆಗಳಿಗೆ ಎಂಜಿನಿಯರುಗಳ ಒಪ್ಪಿಗೆಯ ಮೊಹರು ಬಿದ್ದಿತ್ತು. ಇಂದಿನ ಬಿಮ್‌ನ ಕ್ಲ್ಯಾಶ್ ಚೆಕ್ ಇದನ್ನು ಹಿಡಿಯುತ್ತಿತ್ತೇ? ಇಲ್ಲ. ಎರಡು ವಸ್ತುಗಳು ಒಂದಕ್ಕೊಂದು ಬಡಿಯುತ್ತವೆಯೇ ಎಂದಷ್ಟೇ ಅದು ನೋಡುತ್ತದೆ. ಒಂದು ಸಲಾಕೆಯಾಗಲಿ, ಎರಡಾಗಲಿ, ಬಡಿತವೇನೂ ಇರಲಿಲ್ಲ. ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಕೇಳುವವರು ಮನುಷ್ಯರೇ ಆಗಬೇಕು. ಆದ್ದರಿಂದ ಮಾಡೆಲ್ ಎಷ್ಟೇ ಅಚ್ಚುಕಟ್ಟಾಗಿರಲಿ, ಜೋಡಣೆಯ ಬಗೆಯನ್ನು ಬದಲಿಸುವ ಪ್ರತಿಯೊಂದು ಹಾಳೆಯೂ ಹೊಸ ಲೆಕ್ಕದೊಂದಿಗೇ ಒಪ್ಪಿಗೆಗೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಮ್ಮ ಕಡೆಯ ಇನ್ನೊಂದು ಸಂಕಟ ತಡವಾಗಿ ಬರುವ ಬದಲಾವಣೆ. ವಾಸ್ತು ಸರಿಯಿಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ, ತಯಾರಾದ ಮೆಟ್ಟಿಲನ್ನು ನೈಋತ್ಯಕ್ಕೆ ಸರಿಸಿ ಎನ್ನುವ ಮಾಲೀಕರಿದ್ದಾರೆ. ಉಕ್ಕಿನ ಬಲಕ್ಕೆ ದಿಕ್ಕಿನ ಹಂಗಿಲ್ಲ; ಆದರೂ ಸರಿಸಲೇಬೇಕೆಂಬ ಹಟವಿದ್ದರೆ, ಮಾಡೆಲ್ ಇನ್ನೂ ಪರದೆಯ ಮೇಲಿರುವಾಗಲೇ ಸರಿಸಲಿ. ಕತ್ತರಿಸಿದ ಉಕ್ಕನ್ನು ಕೂಡಿಸಬೇಕಾದರೆ ದುಡ್ಡೂ ಹೋಗುತ್ತದೆ, ಬಲವೂ ಅನುಮಾನಕ್ಕೆ ಬರುತ್ತದೆ.

ಮಾಡೆಲ್ ಮತ್ತು ನೆಲ ಮೊದಲು ಭೇಟಿಯಾಗುವುದು ಕಂಬಗಳನ್ನು ಹಿಡಿದಿಡಲು ಪಾಯದ ಕಾಂಕ್ರೀಟಿನಲ್ಲಿ ಹೂಳುವ ಆಂಕರ್ ಬೋಲ್ಟುಗಳಲ್ಲಿ. ಅವನ್ನು ಹೂಳುವವರು ಸಿವಿಲ್ ಗುತ್ತಿಗೆದಾರರು, ಕಂಬದ ಬುಡದ ಪ್ಲೇಟಿಗೆ ತೂತು ಕೊರೆಯುವವರು ಶೆಡ್ಡಿನವರು, ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಕಾಂಕ್ರೀಟ್ ಸುರಿಯುವಾಗ ವೈಬ್ರೇಟರ್ ತಗುಲಿ ಬೋಲ್ಟು ಒಂದಿಷ್ಟು ವಾಲುವುದು ಸೈಟಿನಲ್ಲಿ ಮಾಮೂಲು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ ಇಟ್ಟು ಒಂದೊಂದು ಬೋಲ್ಟಿನ ನಿಜವಾದ ಜಾಗವನ್ನು ಅಳೆದು, ಆ ಅಂಕಿಗಳನ್ನು ಮಾಡೆಲಿಗೆ ತುಂಬಿ, ಎಂಜಿನಿಯರ್ ನೋಡಿ ಒಪ್ಪಿದ ನಂತರವೇ ಬುಡದ ಪ್ಲೇಟುಗಳ ಹಾಳೆಗಳನ್ನು ಶೆಡ್ಡಿಗೆ ಬಿಡಬೇಕು. ಅಳತೆ ಯಾರು ಮಾಡಬೇಕು, ಕಾಂಕ್ರೀಟ್ ಆದ ಎಷ್ಟು ದಿನಕ್ಕೆ ಕೊಡಬೇಕು ಎಂಬುದನ್ನು ಗುತ್ತಿಗೆಯ ಕರಾರಿನಲ್ಲೇ ಬರೆಸಿಕೊಂಡರೆ, ಉಳಿದ ತೊಲೆಗಳ ಕೆಲಸ ಅಷ್ಟರಲ್ಲಿ ಶೆಡ್ಡಿನಲ್ಲಿ ನಡೆಯುತ್ತಲೇ ಇರುತ್ತದೆ.