ಗದಗದಲ್ಲಿ ಇದ್ದುಕೊಂಡು ಆತಂಕಕ್ಕೆ ಚಿಕಿತ್ಸೆ: ಮೊದಲು ಯಾರ ಹತ್ತಿರ ಹೋಗಬೇಕು?

ಪ್ರಶ್ನೆ: ಗದಗದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಏಳೆಂಟು ತಿಂಗಳಿಂದ ಸುಮ್ಮಸುಮ್ಮನೆ ಎದೆ ಡವಡವ ಅನ್ನುತ್ತದೆ, ಕೈ ಬೆವರುತ್ತದೆ, ನಿದ್ದೆ ಇಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ಒಮ್ಮೆ ಸತ್ತೇ ಹೋಗುತ್ತೇನೆ ಅನ್ನಿಸಿ ಅರ್ಧ ದಾರಿಗೇ ಇಳಿದೆ. ಆಮೇಲೆ ಬಸ್ಸೇ ಹತ್ತಿಲ್ಲ. ಇಸಿಜಿ ಸರಿ ಇದೆ. ಡಾಕ್ಟರು ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಮಲಗುವಾಗ ಒಂದು ಗುಳಿಗೆ ಕೊಟ್ಟರು. ಮಾತಿನಲ್ಲಿ ಚಿಕಿತ್ಸೆ ಕೊಡುವವರು ನಮ್ಮ ಕಡೆ ಸಿಗುತ್ತಾರಾ? ಧಾರವಾಡಕ್ಕೆ ಹೋಗುತ್ತೇನೆ ಅಂದರೆ ಮನೆಯಲ್ಲಿ ಗಾಬರಿಯಾಗುತ್ತಾರೆ.

ಉತ್ತರ: ಸಿಗುತ್ತಾರೆ. ಆದರೆ ‘ಥೆರಪಿಸ್ಟ್’ ಅನ್ನೋ ಬೋರ್ಡ್ ಹುಡುಕುತ್ತಾ ಹೊರಡಬೇಡಿ. ಮೊದಲು ನಿಮ್ಮ ಊರಿನಲ್ಲೇ ಒಬ್ಬ ಮನೋವೈದ್ಯರನ್ನು ನೋಡಿ. ಮಾತಿನ ಚಿಕಿತ್ಸೆಗೆ ದಾರಿಯನ್ನು ಅವರಿಂದಲೇ ಕೇಳಿ. ಆ ಎರಡನೇ ಮಾತನ್ನು ನೀವೇ ಬಾಯಿಬಿಟ್ಟು ಕೇಳಬೇಕು, ಯಾಕಂದ್ರೆ ಸಾಲು ಉದ್ದ ಇರುವ ಒಪಿಡಿಯಲ್ಲಿ ಚೀಟಿ ಬರೆದು ಕಳಿಸೋದೇ ಜಾಸ್ತಿ.

ಮೊದಲು ಮನೋವೈದ್ಯರು ಯಾಕೆ? ಅವರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತ ಕಡಿಮೆ ಇದ್ದರೂ ಅಷ್ಟೇ. ಅಂಗಡಿಯಲ್ಲಿ ಕೂತು ದಿನಕ್ಕೆ ಎಂಟು ಕಪ್ ಚಹಾ ಕುಡಿಯುವವರದ್ದು ಇನ್ನೊಂದು ಕಥೆ. ಇದನ್ನೆಲ್ಲ ನೋಡದೆ ನೇರ ಮಾತಿಗೆ ಕೂತರೆ ತಿಂಗಳುಗಟ್ಟಲೆ ಹಾಳು. ಗುಳಿಗೆ ಬರೆಯುವ ಅಧಿಕಾರ ಇರುವುದೂ ಇವರಿಗೆ. ಮಾತಿನ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಆದವರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳೋದಕ್ಕೆ ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನು ‘ಕೌನ್ಸೆಲರ್’ ಅನ್ನೋ ಬೋರ್ಡಿನ ಹಿಂದೆ ಒಳ್ಳೆಯ ತರಬೇತಿ ಆದವರೂ ಇರುತ್ತಾರೆ, ಮೂರು ದಿನದ ಶಿಬಿರ ಮುಗಿಸಿ ಬಂದವರೂ ಇರುತ್ತಾರೆ. ಏನು ಓದಿದ್ದೀರಿ ಅಂತ ಕೇಳಿಯೇ ಕೂತುಕೊಳ್ಳಿ.

ಗದಗದವರಿಗೆ ಹತ್ತಿರದ್ದು ಜನ ಜಿಮ್ಸ್ ಅಂತ ಕರೆಯುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹಾವೇರಿಯಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹುಬ್ಬಳ್ಳಿಯ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಸತ್ತೂರಿನ ಎಸ್‌ಡಿಎಂ ಎರಡೂ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ರೋಣ, ಹಾನಗಲ್ ಥರದ ತಾಲ್ಲೂಕುಗಳಲ್ಲಿ ಇರುವವರು ‘ಮನೋಚೈತನ್ಯ’ದ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋವೈದ್ಯರೇ ಮಂಗಳವಾರದ ದಿನ ಅಲ್ಲಿಗೆ ಬಂದು ನೋಡುವ ಸರ್ಕಾರಿ ಕಾರ್ಯಕ್ರಮ ಅದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡರೆ ಸುಮ್ನೆ ಓಡಾಟ ತಪ್ಪುತ್ತದೆ.

ಧಾರವಾಡದ ಡಿಮ್ಹಾನ್ಸ್, ಅಂದರೆ ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ಬಗ್ಗೆ ಮನೆಯವರ ಗಾಬರಿ ಅರ್ಥವಾಗುತ್ತದೆ. ಬ್ರಿಟಿಷರ ಕಾಲದಿಂದ ಇರುವ ಆಸ್ಪತ್ರೆ, ‘ಹುಚ್ಚರ ದವಾಖಾನಿ’ ಅನ್ನೋ ಹಳೇ ಹೆಸರು ಇನ್ನೂ ಅಳಿಸಿಲ್ಲ. ಆದರೆ ನಿದ್ದೆ ಬಾರದವರು, ತಲೆನೋವಿನವರು, ಪರೀಕ್ಷೆ ಭಯದ ಹುಡುಗರು, ಕುಡಿತ ಬಿಡಬೇಕು ಅನ್ನುವವರು ಎಲ್ಲರೂ ಬರುವ ಜಾಗ ಅದು. ಬೆಳಿಗ್ಗೆ ಒಪಿಡಿಗೆ ಬಂದು ಸಂಜೆಗೆ ಊರಿಗೆ ವಾಪಸ್ ಹೋಗುವವರೇ ಹೆಚ್ಚು. ಅಡ್ಮಿಟ್ ಮಾಡಿಕೊಂಡುಬಿಡುತ್ತಾರೆ ಅನ್ನುವ ಭಯ ನಿಮ್ಮಂಥ ತೊಂದರೆಗೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿರುವುದು ನಿಮ್ಮ ಹಕ್ಕು. ಬೀಗರಿಗೆ ಗೊತ್ತಾಗುತ್ತದೆ ಅಂತ ಹೆದರಿ ಬೆಂಗಳೂರಿಗೆ ಹೋಗುವವರಿದ್ದಾರೆ. ಎರಡು ಭೇಟಿಯಾದ ಮೇಲೆ ಖರ್ಚಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ವಾರ ವಾರ ಹೋಗಬೇಕಾದ ಚಿಕಿತ್ಸೆಗೆ ಹತ್ತಿರದ ಜಾಗವೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಈಗ ಬಸ್ಸಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಅದೇ. ನಿಮಗೆ ಆದದ್ದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಉಕ್ಕಿ ಬರುವ ವಿಪರೀತ ಭಯ ಇರಬಹುದು, ಖಾತ್ರಿ ಮಾಡಬೇಕಾದವರು ಡಾಕ್ಟರು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ನೀವು ಬಸ್ಸಿಂದ ಇಳಿದಾಗಲೇ ಅದೂ ಇಳಿಯಿತು. ‘ಬಸ್ಸಿಂದ ಇಳಿದಿದ್ದಕ್ಕೇ ಬದುಕಿದೆ’ ಅಂತ ಮನಸ್ಸು ಲೆಕ್ಕ ಬರೆದುಕೊಂಡಿತು. ಆಮೇಲೆ ಬಸ್ಸು ತಪ್ಪಿಸಿದಷ್ಟೂ ಆ ಲೆಕ್ಕ ಗಟ್ಟಿಯಾಯಿತು. ಮುಂದೆ ರೈಲು, ಸಂತೆ, ಮದುವೆ ಮಂಟಪ ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗಬಹುದು.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಅನ್ನುವ ಮಾತಿನ ಚಿಕಿತ್ಸೆ ಈ ಲೆಕ್ಕವನ್ನೇ ತಿದ್ದುತ್ತದೆ. ಬರೀ ಸಮಾಧಾನ ಹೇಳಿ ಕಳಿಸುವ ಕೆಲಸ ಅಲ್ಲಿಲ್ಲ, ಹೋಂವರ್ಕ್ ಇರುತ್ತದೆ. ಮೊದಲ ಒಂದೆರಡು ಭೇಟಿ ಪ್ರಶ್ನೆ ಕೇಳೋದರಲ್ಲೇ ಹೋಗುತ್ತದೆ. ಆಮೇಲೆ ಭಯ ಬಂದಾಗ ತಲೆಯಲ್ಲಿ ಏನು ಓಡುತ್ತದೆ, ಆಗ ನೀವು ಏನು ಮಾಡುತ್ತೀರಿ ಅಂತ ಬರೆಸುತ್ತಾರೆ. ನಂತರ ಮೆಟ್ಟಿಲು. ನಿಮ್ಮ ಮೆಟ್ಟಿಲು ಹೀಗಿರಬಹುದು: ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು ಬರೋದು. ಒಬ್ಬರ ಜೊತೆ ಹುಲಕೋಟಿವರೆಗೆ. ಒಬ್ಬರೇ ಹುಲಕೋಟಿವರೆಗೆ. ಆಮೇಲೆ ಅಣ್ಣಿಗೇರಿ. ಕೊನೆಗೆ ಹುಬ್ಬಳ್ಳಿ, ಅದೂ ಕಿಟಕಿ ಪಕ್ಕ ಸೀಟು ಸಿಗದ ದಿನ. ಎದೆ ಹೊಡೆದುಕೊಂಡರೂ ಇಳಿಯದೆ ಕೂತರೆ ಭಯ ತಾನಾಗಿ ಕರಗುತ್ತದೆ ಅನ್ನೋದನ್ನು ಮೈ ಕಲಿಯಬೇಕು. ಇದನ್ನು ಓದಿ ಕಲಿಯೋಕೆ ಆಗೋದಿಲ್ಲ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನಾರು ಭೇಟಿ ಬೇಕಾಗುತ್ತದೆ. ಬಸ್ಸು ಹತ್ತೋಕೆ ಹೆದರುವವರಿಗೆ ಬಸ್ಸು ಹತ್ತಿ ಬಾ ಅಂದರೆ ಕಷ್ಟವೇ. ಮೊದಲ ಭೇಟಿಗಳಿಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ನಡುವೆ ಕೆಲವನ್ನು ವಿಡಿಯೊ ಕಾಲ್‌ನಲ್ಲಿ ಮಾಡಬಹುದಾ ಅಂತ ಕೇಳಿ.

ಗುಳಿಗೆ ಬಗ್ಗೆ ಎರಡು ಮಾತು. ನಿಮಗೆ ಕೊಟ್ಟಿದ್ದು ಆಲ್ಪ್ರಜೋಲಮ್ ಅಥವಾ ಕ್ಲೋನಜೆಪಮ್ ಆಗಿದ್ದರೆ ಚೀಟಿಯನ್ನು ಮನೋವೈದ್ಯರಿಗೆ ತೋರಿಸಿ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹಾಯೆನಿಸುತ್ತದೆ, ಅದಕ್ಕೇ ರೂಢಿಯಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಅದೇ ಹಳೇ ಚೀಟಿ ತೋರಿಸಿ ತರಿಸಿಕೊಳ್ಳಬೇಡಿ. ನಿತ್ಯ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ. ಆತಂಕಕ್ಕೆ ಮುಖ್ಯವಾಗಿ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಬೇರೆ ಜಾತಿಯವು. ಇವು ಚಟ ಹಿಡಿಸುವುದಿಲ್ಲ, ಆದರೆ ಗುಣ ಕಾಣೋಕೆ ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಗಾಬರಿ ತುಸು ಹೆಚ್ಚೂ ಆಗಬಹುದು. ‘ಈ ಗುಳಿಗೆ ನನಗೆ ಆಗಿಬರಲ್ಲ’ ಅಂತ ನಾಲ್ಕನೇ ದಿನಕ್ಕೇ ಬಿಡುವವರು ಅದಕ್ಕೇ ಬಿಡೋದು. ಬಿಡುವ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಇಳಿಸುತ್ತಾರೆ. ಗುಣ ಕಂಡ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಿಧಾನಕ್ಕೆ ಇಳಿಸಿ ನಿಲ್ಲಿಸುತ್ತಾರೆ.

ಇವತ್ತೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್, 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನುವ ಯೋಚನೆ ಬಂದರೆ ಒಪಿಡಿ ದಿನಕ್ಕೆ ಕಾಯಬೇಡಿ. ಆ ನಂಬರಿಗೆ ಮಾಡಿ, ಇಲ್ಲವೇ ಮನೆಯವರನ್ನು ಕರೆದುಕೊಂಡು ನೇರ ತುರ್ತು ವಿಭಾಗಕ್ಕೆ ಹೋಗಿ.

ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗ ಶುರುವಾಯಿತು, ಏನೇನು ಬಿಟ್ಟಿದ್ದೀರಿ, ಯಾವ ಗುಳಿಗೆ, ಎಷ್ಟು ಚಹಾ, ಕುಡಿತ ಇದೆಯಾ. ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ, ಅಲ್ವಾ? ಹಾಳೆಯ ಕೊನೆಯಲ್ಲಿ ಇದನ್ನೂ ಬರೆಯಿರಿ: ‘ನನಗೆ ಸಿಬಿಟಿ ಬೇಕು, ಇಲ್ಲಿ ಯಾರು ಮಾಡುತ್ತಾರೆ?’ ನಾಲ್ಕೈದು ಭೇಟಿಯಾದರೂ ಥೆರಪಿಸ್ಟ್ ಜೊತೆ ಮನಸ್ಸು ಬಿಚ್ಚೋಕೆ ಆಗದಿದ್ದರೆ ಅದನ್ನು ಅವರಿಗೇ ಹೇಳಿ, ಬೇರೆಯವರ ಹತ್ತಿರ ಕಳಿಸಿ ಅನ್ನಿ. ಅವರಿಗೆ ಇದೇನೂ ಹೊಸ ಮಾತಲ್ಲ.