ಶುಗರ್ ಕೇಳ್ತೀರಿ, ಬಿಪಿ ಕೇಳ್ತೀರಿ, ತೂಕ ಯಾಕೆ ಕೇಳಲ್ಲ?

ವೃದ್ಧಾಶ್ರಮಕ್ಕೆ ಅಪ್ಪನನ್ನೋ ಅಮ್ಮನನ್ನೋ ನೋಡಲು ಬರುವ ಮಕ್ಕಳು ನನ್ನನ್ನು ಕಂಡರೆ ಮೊದಲು ಕೇಳುವುದು ಶುಗರ್. ಆಮೇಲೆ ಬಿಪಿ. ಮೈಸೂರಿನ ಸುತ್ತಮುತ್ತಲ ಆಶ್ರಮಗಳಿಗೆ ಆಹಾರ ತಜ್ಞೆಯಾಗಿ ಹೋಗಲು ಶುರು ಮಾಡಿ 14 ವರ್ಷ ಆಯಿತು. "ಅಮ್ಮನ ತೂಕ ಎಷ್ಟಿದೆ?" ಅಂತ ತಾವಾಗಿಯೇ ಕೇಳಿದವರು ಬೆರಳೆಣಿಕೆಯಷ್ಟು. ನಾನೇ ಮಾತು ತೆಗೆದರೂ ಉತ್ತರ ಒಂದೇ: "ವಯಸ್ಸಾಯ್ತಲ್ಲ ಮೇಡಂ, ಸಣ್ಣಗಾಗೋದು ಸಹಜ ತಾನೇ?"

ಸಹಜ ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ವರ್ಷಗಳು ಕಳೆದಂತೆ ತೂಕ ಸ್ವಲ್ಪ ಸ್ವಲ್ಪ ಇಳಿಯಬಹುದು, ಅದು ಬೇರೆ. ಕೆಲವೇ ತಿಂಗಳಲ್ಲಿ ಇಳಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಇಲ್ಲವೇ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಹೋದರೆ ಡಾಕ್ಟರಿಗೆ ತೋರಿಸಲೇಬೇಕು. 50 ಕಿಲೋ ಇರುವ ಅಜ್ಜಿಗೆ ಲೆಕ್ಕ ಹಾಕಿ. ಒಂದು ತಿಂಗಳಲ್ಲಿ ಎರಡೂವರೆ ಕಿಲೋ. ಆರು ತಿಂಗಳಲ್ಲಿ ಐದು ಕಿಲೋ. "ಐದು ಕಿಲೋ ತಾನೇ, ನಾನು ವಾಕಿಂಗ್ ಮಾಡಿ ಅಷ್ಟು ಇಳಿಸಿದೀನಿ" ಅಂತ ಒಬ್ಬರು ಹೇಳಿದರು. ಅವರ ತೂಕ 85 ಕಿಲೋ. ನಡೆದು ನಡೆದು ಇಳಿಸಿದ್ದರಿಂದ ಅವರಿಗೆ ಹೋಗಿದ್ದು ಹೆಚ್ಚಾಗಿ ಕೊಬ್ಬು. ಊಟ ಸೇರದೆ, ಮಂಚ ಬಿಟ್ಟು ಏಳದೆ ಇಳಿದ ಅಜ್ಜಿಗೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗಿರುತ್ತದೆ. ಕಮೋಡಿನಿಂದ ಕೈ ಹಿಡಿಯದೆ ಏಳಬೇಕಾದರೆ ಆ ಖಂಡವೇ ಬೇಕು. ಕಫ ಬಂದರೆ ಕೆಮ್ಮಿ ಹೊರಹಾಕಲು, ತುತ್ತು ನುಂಗಲು ಕೂಡ ಅದೇ. ಅದು ಸೊರಗಿದರೆ ಊಟ ಇನ್ನೂ ಕಮ್ಮಿಯಾಗುತ್ತದೆ, ತೂಕ ಇನ್ನೂ ಇಳಿಯುತ್ತದೆ. ಬಿದ್ದು ಸೊಂಟ ಮುರಿಯುವುದು, ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗುವುದು, ಎದೆಗೆ ಸೋಂಕು ತಗಲುವುದು, ಇವೆಲ್ಲ ಆಮೇಲೆ ಬರುತ್ತವೆ. ಆಗ ಎಲ್ಲರೂ ಓಡಿ ಬರುತ್ತಾರೆ.

ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಆಶ್ರಮಕ್ಕೆ ಸೇರಿದಾಗ 47 ಕಿಲೋ ಇದ್ದರು. ಐದು ತಿಂಗಳಾದ ಮೇಲೆ ನಾನು ತೂಗಿದಾಗ 40. ಮಗಳು ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದರು, ಅಮ್ಮನ ಮೇಲೆ ಪ್ರಾಣ. ಆದರೆ ವಾರವಾರ ನೋಡುವ ಕಣ್ಣಿಗೆ ಇಳಿದಿದ್ದು ಕಾಣುವುದಿಲ್ಲ, ಅದು ಅವರ ತಪ್ಪಲ್ಲ. ನಾನು ಅಜ್ಜಿಯ ಕೈ ನೋಡಿದೆ. ಬಳೆ ಮೊಣಕೈ ತನಕ ಜಾರುತ್ತಿತ್ತು. ಉಂಗುರ ಬೀಳದ ಹಾಗೆ ಆಯಾ ದಾರ ಸುತ್ತಿ ಕೊಟ್ಟಿದ್ದಳು.

"ಊಟ ಸೇರ್ತಾ ಇದೆಯಾ ಅಜ್ಜಿ?"

"ಸೇರ್ತದಮ್ಮ, ಅನ್ನ ಸಾರು ಚೆನ್ನಾಗಿ ಮಾಡ್ತಾರೆ."

ಮಧ್ಯಾಹ್ನ ಪಕ್ಕದಲ್ಲೇ ಕೂತು ನೋಡಿದೆ. ಅನ್ನಕ್ಕೆ ತಿಳಿ ಸಾರು ಸುರಿದುಕೊಂಡು ನುಂಗಿದರು. ಪಲ್ಯ, ಚಪಾತಿ ಮುಟ್ಟಲಿಲ್ಲ. ಬಾಯಿ ತೆರೆಸಿದರೆ ಕಟ್ಟಿಸಿದ ಹಲ್ಲಿನ ಸೆಟ್ ಲೊಡಲೊಡ ಅಲ್ಲಾಡುತ್ತಿದೆ, ಕೆಳಗೆ ಒಸಡಿನ ಮೇಲೆ ಹುಣ್ಣು. ತೂಕ ಇಳಿದರೆ ಸೆಟ್ಟೂ ಸಡಿಲವಾಗುವುದುಂಟು. ಸಡಿಲವಾದರೆ ಅಗಿಯಲು ಆಗುವುದಿಲ್ಲ. ಅಗಿಯದಿದ್ದರೆ ತೂಕ ಇನ್ನೂ ಇಳಿಯುತ್ತದೆ. ಯಾಕೆ ಯಾರಿಗೂ ಹೇಳಲಿಲ್ಲ ಅಂದರೆ, "ಪಾಪ, ಮಗಳು ದುಡಿದು ಬರ್ತಾಳೆ, ಹಲ್ಲಿಗೆ ಮತ್ತೆ ದುಡ್ಡು ಯಾಕೆ" ಅಂದರು. ಹೀಗೆ ಹೇಳದೆ ನುಂಗಿಕೊಳ್ಳುವವರೇ ಜಾಸ್ತಿ. ಅದಕ್ಕೇ ನಾನು ತೂಕದ ಯಂತ್ರವನ್ನು ನಂಬುತ್ತೇನೆ.

ಎಲ್ಲರ ಕಾರಣವೂ ಹಲ್ಲೇ ಆಗಬೇಕಿಲ್ಲ. ಮಲಬದ್ಧತೆ ಇರಬಹುದು. ಮನಸ್ಸು ಕುಗ್ಗಿರಬಹುದು. ಕಣ್ಣು ಮಂಜಾಗಿ ತಟ್ಟೆಯಲ್ಲಿ ಏನಿದೆ ಅಂತ ಕಾಣದಿರಬಹುದು. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಕೆಲವು ಮಾತ್ರೆಗಳಿಂದ ಹಸಿವು ಕಮ್ಮಿಯಾಗಬಹುದು. ಥೈರಾಯ್ಡ್, ಕ್ಯಾನ್ಸರ್, ಕ್ಷಯ ಕೂಡ ಇರಬಹುದು. ಕಾರಣ ಹುಡುಕುವುದು ಡಾಕ್ಟರ ಕೆಲಸ. ಸುಮ್ನೆ ಟಾನಿಕ್ ತಂದುಕೊಟ್ಟು ಹೋಗಬೇಡಿ.

ಶುಗರ್ ಇರುವವರ ವಿಷಯದಲ್ಲಿ ನನಗೆ ನಿಜವಾಗಿ ಭಯವಾಗುತ್ತದೆ. ಊಟ ಅರ್ಧಕ್ಕೆ ಇಳಿದಿರುತ್ತದೆ, ಇನ್ಸುಲಿನ್ ಮಾತ್ರ ಹಳೇ ಲೆಕ್ಕದಲ್ಲೇ ನಡೆಯುತ್ತಿರುತ್ತದೆ. ರಾತ್ರಿ ಶುಗರ್ ಕುಸಿದು ಬೆವರುತ್ತಾರೆ, ಏನೇನೋ ಮಾತಾಡುತ್ತಾರೆ. ಬೆಳಗ್ಗೆ "ತಾತನಿಗೆ ಅರಳುಮರಳು ಶುರುವಾಯ್ತು" ಅಂತ ವರದಿ. ನಾಲ್ಕು ಕಡೆ ಇದನ್ನು ಕಂಡಿದ್ದೇನೆ. ಊಟ ಕಮ್ಮಿಯಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಡೋಸ್ ನೀವಾಗಿ ಬದಲಾಯಿಸಬೇಡಿ.

ಇನ್ನು ಪಥ್ಯದ ಚೀಟಿ. ಎಂಟು ವರ್ಷದ ಹಿಂದೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬರೆದ "ಉಪ್ಪು, ಎಣ್ಣೆ ಕಮ್ಮಿ, ಸಿಹಿ ಬೇಡ" ಅನ್ನುವ ಚೀಟಿ ಇವತ್ತಿಗೂ ಅಡುಗೆಮನೆಯ ಗೋಡೆ ಮೇಲೆ ಇರುತ್ತದೆ. ಆಗ ಅವರು 68 ಕಿಲೋ, ಈಗ 46. ಆ ಚೀಟಿಯನ್ನು ಮತ್ತೆ ಡಾಕ್ಟರಿಗೆ ತೋರಿಸಿ. ಸಪ್ಪೆ ಊಟವನ್ನು ತಟ್ಟೆಯಲ್ಲೇ ಬಿಟ್ಟು ಏಳುವವರಿಗೆ ಆ ಪಥ್ಯದಿಂದ ಏನು ಉಪಯೋಗ ಹೇಳಿ?

ಒಂದು ಆಶ್ರಮದಲ್ಲಿ ಇಡೀ ದಿನದ ಊಟದ ಲೆಕ್ಕ ಹಾಕಿದೆ. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ, ತಿಳಿ ಸಾರು, ಪಲ್ಯ, ನೀರು ಮಜ್ಜಿಗೆ, ಸಂಜೆ ಟೀ ಜೊತೆ ರಸ್ಕ್, ರಾತ್ರಿ ಗಂಜಿ. ಹೊಟ್ಟೆ ತುಂಬುತ್ತದೆ, ಆದರೆ ಪ್ರೋಟೀನ್ 20 ಗ್ರಾಂ ಆಸುಪಾಸು. ವಯಸ್ಸಾದವರಿಗೆ ಕಿಲೋ ತೂಕಕ್ಕೆ ಒಂದು ಗ್ರಾಂ ಆದರೂ ಬೇಕು, ಅಂದರೆ 45 ಕಿಲೋ ಅಜ್ಜಿಗೆ 45 ಗ್ರಾಂ. (ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.) ಬೇಳೆಯೆಲ್ಲ ಪಾತ್ರೆಯ ತಳದಲ್ಲಿತ್ತು, ಸೌಟು ಮೇಲಿನ ತಿಳಿಯಲ್ಲೇ ಆಡುತ್ತಿತ್ತು. ಅಡುಗೆ ಭಟ್ಟರಿಗೆ ಹೇಳಿದ್ದು ಇಷ್ಟೇ: ಕದಡಿ ಬಡಿಸಿ. ಗಂಜಿಗೆ ನೀರಿನ ಬದಲು ಹಾಲು, ಮೇಲೆ ಹುರಿಗಡಲೆ ಪುಡಿ ಮತ್ತು ಒಂದು ಚಮಚ ತುಪ್ಪ. ತಿನ್ನುವವರಿಗೆ ಒಂದು ಮೊಟ್ಟೆ. ಏಳಕ್ಕೆ ರಾತ್ರಿ ಊಟ ಮುಗಿದರೆ ಬೆಳಗಿನ ತಿಂಡಿ ಎಂಟೂವರೆಗೆ, ನಡುವೆ ಹದಿಮೂರೂವರೆ ಗಂಟೆ ಖಾಲಿ ಹೊಟ್ಟೆ. ಮಲಗುವ ಮುಂಚೆ ಒಂದು ಲೋಟ ಹಾಲು ಸೇರಿಸಿದರು. ದುಬಾರಿ ಡಬ್ಬಿ ಪುಡಿ ಯಾವುದೂ ಬೇಕಾಗಲಿಲ್ಲ.

ಆಯಾಗಳನ್ನು ಬೈಯಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಹತ್ತು ಜನರಿಗೆ ಬಡಿಸಿ, ಅದರಲ್ಲಿ ನಾಲ್ವರಿಗೆ ತಿನ್ನಿಸಿ, ತಟ್ಟೆ ತೊಳೆಯುವವಳು ಒಬ್ಬಳೇ. ಆದರೂ ಒಬ್ಬ ಆಯಾ ಪ್ರತಿ ತುತ್ತಿಗೂ "ಆಮೇಲೇನಾಯ್ತು ಅಜ್ಜಿ?" ಅಂತ ಊರಿನ ಕತೆ ಕೇಳುತ್ತಾ ತಿನ್ನಿಸುತ್ತಾಳೆ, ತುತ್ತು ನುಂಗಿದ ಮೇಲೇ ಉತ್ತರಕ್ಕೆ ಕಾಯುತ್ತಾಳೆ. ಅವಳ ಕೈಯಲ್ಲಿ ತಟ್ಟೆ ಖಾಲಿಯಾಗುವುದನ್ನು ನೋಡಬೇಕು.

ನೀವು ಮಾಡಬೇಕಾದ್ದು ಕಷ್ಟದ್ದಲ್ಲ. ತಿಂಗಳ ಮೊದಲ ದಿನ, ಅದೇ ಯಂತ್ರದಲ್ಲಿ, ತಿಂಡಿಗೆ ಮುಂಚೆ ತೂಗಿ ಬರೆದಿಡಲು ಆಶ್ರಮದವರಿಗೆ ಹೇಳಿ. ನಿಲ್ಲಲಾಗದವರಿಗೆ ಮೀನಖಂಡದ (ಮೊಣಕಾಲಿನ ಕೆಳಗೆ, ಕಾಲಿನ ಹಿಂಭಾಗದ ಖಂಡ) ದಪ್ಪ ಇರುವ ಕಡೆ ಕಾಲಿನ ಸುತ್ತ ಟೇಪಿನಿಂದ ಅಳೆಯಿರಿ. 31 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಎಚ್ಚರ. ನಮ್ಮಲ್ಲಿ ಮೊದಲಿಂದಲೂ ಸಣ್ಣ ಕಾಲಿನವರಿದ್ದಾರೆ, ಹಾಗಾಗಿ ಮೊದಲ ಅಳತೆಗಿಂತ ಎಷ್ಟು ಇಳಿಯಿತು ಅನ್ನುವುದನ್ನೂ ನೋಡಿ. ಕಾಲು ಊದಿದ್ದರೆ ಎರಡೂ ಮೋಸ ಮಾಡುತ್ತವೆ. ನೀರು ತುಂಬಿ ತೂಕ ಏರಿದ್ದನ್ನು ಕಂಡು ಖುಷಿಪಡಬೇಡಿ.

ಆ ಅಜ್ಜಿಯ ಸೆಟ್ಟನ್ನು ಮಗಳು ಅದೇ ವಾರ ಸರಿಮಾಡಿಸಿದರು. ಈಗ 42.6 ಕಿಲೋ. 47ಕ್ಕೆ ಮರಳುತ್ತಾರೆ ಅಂತ ನಾನು ಮಾತು ಕೊಟ್ಟಿಲ್ಲ. ಹೋದ ವಾರ ಕೋಡುಬಳೆ ಬೇಕು ಅಂದರು. ಗಟ್ಟಿ ಅಲ್ವಾ ಅಜ್ಜಿ, ಒಸಡು ಇನ್ನೂ ಪೂರ್ತಿ ಮಾಗಿಲ್ಲ ಅಂದೆ. "ಕಾಫೀಲಿ ಅದ್ಕೊಂಡು ತಿಂತೀನಿ, ನೀನು ತಂದುಕೊಡು" ಅಂದರು.