ಸೈಕಲ್ ಅಪಘಾತದ ಗಾಯ: ತೀವ್ರತೆಯ ಅಂಕ ಮತ್ತು ಉಳಿದುಹೋಗುವ ತೊಂದರೆ

ಗಾಯದ ತೀವ್ರತೆ ಎಂದರೆ ಮೊದಲು ಬರುವ ಹೆಸರು ಎಐಎಸ್ (ಅಬ್ರೀವಿಯೇಟೆಡ್ ಇಂಜುರಿ ಸ್ಕೇಲ್). 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಳತೆ. ಒಂದೊಂದು ಗಾಯಕ್ಕೂ 1ರಿಂದ 6ರವರೆಗೆ ಅಂಕ. ತರಚು ಗಾಯಕ್ಕೆ 1, ಬದುಕುವುದೇ ಕಷ್ಟ ಎನ್ನುವಂಥದ್ದಕ್ಕೆ 6.

ಗಾಯ ಹಲವಿದ್ದರೆ? ಅದಕ್ಕೆ 1974ರಲ್ಲಿ ಸೂಸನ್ ಬೇಕರ್ ಮತ್ತು ಜೊತೆಗಾರರು ಐಎಸ್‌ಎಸ್ (ಇಂಜುರಿ ಸಿವಿಯಾರಿಟಿ ಸ್ಕೋರ್) ಎಂಬ ಒಟ್ಟು ಅಂಕ ತಂದರು. ದೇಹವನ್ನು 6 ಭಾಗ ಮಾಡಿ, ಹೆಚ್ಚು ಪೆಟ್ಟಾದ 3 ಭಾಗಗಳನ್ನು ಆರಿಸಬೇಕು. ಪ್ರತಿ ಭಾಗದ ದೊಡ್ಡ ಅಂಕವನ್ನು ಮಾತ್ರ ವರ್ಗ ಮಾಡಿ ಕೂಡಿಸಬೇಕು. ಗರಿಷ್ಠ 75. ಸಾಮಾನ್ಯವಾಗಿ 15 ದಾಟಿದರೆ ಭಾರಿ ಗಾಯ ಎನ್ನುತ್ತಾರೆ.

ಒಂದು ಲೆಕ್ಕ ಮಾಡೋಣ. ಸೈಕಲ್ ಜಾರಿ ಸವಾರ ಕೈಯೂರಿ ಬಿದ್ದ. ಕಾಲರ್ ಬೋನ್ ಮುರಿಯಿತು, ಅಂಕ 2. ಮಣಿಕಟ್ಟೂ ಮುರಿಯಿತು, ಅದಕ್ಕೂ 2. ಮೊಣಕಾಲು ತರಚಿತು, 1. ಮುರಿದ ಎರಡೂ ಮೂಳೆ ‘ಕೈಕಾಲು’ ಭಾಗಕ್ಕೇ ಸೇರುವುದರಿಂದ ಒಂದೇ ಲೆಕ್ಕಕ್ಕೆ ಬರುತ್ತದೆ. ತರಚಿದ್ದು ಕಾಲಾದರೂ ಅದು ‘ಚರ್ಮ’ದ ಭಾಗಕ್ಕೆ ಸೇರುತ್ತದೆ. 4+1, ಒಟ್ಟು 5. ಎರಡು ಮೂಳೆ ಮುರಿದವನಿಗೆ 75ಕ್ಕೆ 5! ಲೆಕ್ಕ ಸರಿಯೇ, ಯಾಕೆಂದರೆ ಈ ಅಂಕ ಮುಖ್ಯವಾಗಿ ನೋಡುವುದು ಜೀವಕ್ಕಿರುವ ಅಪಾಯವನ್ನು. ಮುಂದೆ ಆ ಕೈಯಲ್ಲಿ ಬಾಟಲಿ ಮುಚ್ಚಳ ತಿರುಗಿಸಲು ಆಗುತ್ತದೋ ಇಲ್ಲವೋ ಎಂಬುದು ಇದರಲ್ಲಿ ಸಿಗದು.

ಈ ಕೊರತೆಗೆ ಸ್ವೀಡನ್‌ನವರು ಬೇರೆ ದಾರಿ ಹಿಡಿದರು. ಫೋಕ್ಸಾಮ್ ಎಂಬ ವಿಮಾ ಕಂಪನಿಯ ಸಂಶೋಧಕರು, ಯಾವ ಗಾಯದಿಂದ ಎಷ್ಟು ಜನರಿಗೆ ಶಾಶ್ವತ ತೊಂದರೆ ಉಳಿಯಿತು ಎಂದು ವಿಮಾ ದಾಖಲೆಗಳಿಂದ ಲೆಕ್ಕ ತೆಗೆದರು. ಅಲ್ಲಿನ ಅಧಿಕೃತ ಎಣಿಕೆಯಲ್ಲಿ ಶೇ 1ರಷ್ಟು ಶಾಶ್ವತ ಊನ ಉಳಿದರೂ ಅದು ‘ಗಂಭೀರ ಗಾಯ’. ಹೀಗೆ ಎಣಿಸಿದಾಗ ಎಲ್ಲಕ್ಕಿಂತ ದೊಡ್ಡ ಗುಂಪು ಕಾರಿನಲ್ಲಿದ್ದವರದಲ್ಲ, ಸೈಕಲ್ ಸವಾರರದು. ಅವರಲ್ಲಿ 10ಕ್ಕೆ ಸುಮಾರು 8 ಜನ ಯಾರಿಗೂ ಡಿಕ್ಕಿ ಹೊಡೆಯದೆ ತಾವೇ ಬಿದ್ದವರು. ಸಾವಿನ ಲೆಕ್ಕ ಬೇರೆ, ಅಲ್ಲಿ ಮೋಟಾರು ವಾಹನದ ಪಾಲು ಜಾಸ್ತಿ.

ತಾನೇ ಬಿದ್ದವನು ಪೊಲೀಸರಿಗೆ ಹೇಳುವುದಿಲ್ಲ, ಅಲ್ವಾ? ಸೀದಾ ಆಸ್ಪತ್ರೆಗೆ ಹೋಗುತ್ತಾನೆ. ಹಾಗಾಗಿ ಅಲ್ಲಿನ ‘ಸ್ತ್ರಾಡಾ’ ಎಂಬ ರಸ್ತೆ ಅಪಘಾತಗಳ ದಾಖಲೆಯಲ್ಲಿ ಪೊಲೀಸರ ವರದಿಯ ಜೊತೆಗೆ ಆಸ್ಪತ್ರೆಗಳ ಮಾಹಿತಿಯೂ ಸೇರುತ್ತದೆ. ಬರೀ ಪೊಲೀಸ್ ಅಂಕಿ ಹಿಡಿದು ಬರೆದ ಲೆಕ್ಕ ನನಗಂತೂ ಅರ್ಧ ಲೆಕ್ಕ.

ಹೆಲ್ಮೆಟ್ ತಲೆಯ ಗಾಯ ತಗ್ಗಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಭುಜ, ಮಣಿಕಟ್ಟಿಗೆ ಅದರಿಂದ ಏನೂ ಆಗದು. ಅವುಗಳಿಗೆ ರಸ್ತೆಯೇ ಸರಿಯಿರಬೇಕು. ಸ್ವೀಡನ್‌ನಲ್ಲಿ ಹಿಮದ ಮೇಲೆ ಜಾರದಿರಲಿ ಎಂದು ಹಾಕಿದ ಜಲ್ಲಿಪುಡಿಯೇ ಚಳಿಗಾಲ ಮುಗಿದ ಮೇಲೆ ಸವಾರರನ್ನು ಬೀಳಿಸುತ್ತದೆ. ಅದಕ್ಕೇ ಸ್ಟಾಕ್‌ಹೋಮ್‌ನ ಕೆಲವು ಸೈಕಲ್ ದಾರಿಗಳಲ್ಲಿ ಯಂತ್ರದ ಬ್ರಷ್‌ನಿಂದ ಹಿಮ ಗುಡಿಸಿ ಉಪ್ಪು ಹಾಕುತ್ತಾರೆ.